ಅರವತ್ತೊಂದನೆಯ ನಂಬರಿನ ಹಾಳೆ

“ಸುಡ್ರಿ ಅದನ್ನ,” ಎಂದೆ. “ಒಲಿ ಎಲ್ಲೈತಿ ಹೇಳ್ರಿ, ನಾನ ಸುಡ್ತೇನಿ.”

ಡಾಕ್ಟರ್ ಅಶ್ವಿನಿ ಹಾಳೆಯನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಎರಡನೆಯ ಹೆಜ್ಜೆಗೆ ಜಾಗವೇ ಇರಲಿಲ್ಲ. ವಾಸ್ಕೋದ ಅವರ ಮನೆಯ ಮೇಲಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಮನುಷ್ಯ ಇನ್ನೊಬ್ಬ ಮನುಷ್ಯನ ಮುಖವನ್ನು ಹೇಗೆ ಗುರುತು ಹಿಡಿಯುತ್ತಾನೆ, ಎಲ್ಲಿ ಎಡವುತ್ತಾನೆ ಎಂದು ಹದಿನೈದು ವರ್ಷ ಅವರು ಮಾಡಿದ ಪರೀಕ್ಷೆಗಳ ದಾಖಲೆಯೆಲ್ಲ ಅದರಲ್ಲಿ ತುಂಬಿತ್ತು. ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರು. ಆದರೂ ವಿಜಯಪುರದ ಮಗಳು, ಬೈದರೆ ತಿರುಗಿ ಬೈಯುವವರು.

“ಜೈನಬಕ್ಕ, ಇದು ಸಂಶೋಧನೆಯ ದಾಖಲಿ. ನಿಮ್ಮ ಅಂಗಡಿಯ ಚಿಂದಿ ಅರಬಿ ಅಲ್ಲ.”

“ಪರಶುನ ಬಾಳಿಗಿಂತ ದೊಡ್ಡದೇನ್ರಿ ನಿಮ್ಮ ಹಾಳಿ?”

“ಸುಳ್ಳು ಹೇಳಿ ಬಿಡಿಸಿದ ಬಾಳು ಎಷ್ಟು ದಿನ ನಿಲ್ತೈತ್ರಿ?”

ಎದುರಿನವರ ಮಾತು ಸರಿಯಿದ್ದಾಗ ನನಗೆ ಸಿಟ್ಟು ಜಾಸ್ತಿ ಬರುತ್ತದೆ.

ಆದದ್ದು ಇಷ್ಟು. ಶುಕ್ರವಾರ ಮಧ್ಯಾಹ್ನ ಸಾಂಕೋಲೆಯ ಒಂದು ಗೋದಾಮಿನಿಂದ ಮೀನು ಹಿಡಿಯುವ ಹಡಗನ್ನು ನೀರಿನಲ್ಲಿ ಮುಂದೆ ತಳ್ಳುವ ಹಿತ್ತಾಳೆಯ ಪಂಖ ಕಳುವಾಯಿತು. ಮೂರು ಜನ ಸೇರಿದರೂ ಅಲುಗದ ಪಂಖ, ಹಾಡಹಗಲೇ ಲಾರಿ ಹತ್ತಿ ಹೋಗಿತ್ತು. ಅಲ್ಲಿನ ಕಾವಲುಗಾರ ಠಾಕಪ್ಪ, ಗುರುತಿಲ್ಲದ ಒಬ್ಬ ಮನುಷ್ಯ ಬಂದಿದ್ದ, ಮುಖ ಕಂಡರೆ ಹೇಳುತ್ತೇನೆ ಎಂದು ಪೊಲೀಸರ ಮುಂದೆ ಹೇಳಿದ. ಮುರ್ಮುಗಾಂವ್ ಬಂದರಿನ ಕೂಲಿಗಳ ಪಾಸಿನ ಫೋಟೊಗಳನ್ನು ತೋರಿಸಿದಾಗ ಸೀದಾ ನನ್ನ ನೆರೆಮನೆಯ ಪರಶುವಿನ ಫೋಟೊದ ಮೇಲೆ ಬೆರಳಿಟ್ಟ. ಶನಿವಾರದಿಂದ ಪರಶುವನ್ನು ಠಾಣೆಯಲ್ಲಿ ಕೂಡಿಸಿಕೊಂಡಿದ್ದಾರೆ. ಇವತ್ತು ಸೋಮವಾರ. ಸಂಜೆ ನಾಲ್ಕಕ್ಕೆ ಹತ್ತು ಜನರ ಸಾಲಿನಲ್ಲಿ ಅವನನ್ನು ನಿಲ್ಲಿಸುತ್ತಾರೆ. ಠಾಕಪ್ಪ ಮತ್ತೆ ಬೆರಳು ತೋರಿಸಿದನೆಂದರೆ ಪರಶು ಜೈಲಿಗೆ, ಅವನ ಹೆಂಡತಿ ಹುಲಿಗೆವ್ವ ಬೀದಿಗೆ.

ವಕೀಲ ಅಜಯ ಒಂದು ದಾರಿ ಹೇಳಿದ್ದರು. ಶನಿವಾರ ಕರೆಯದೆಯೇ ಹುಲಿಗೆವ್ವನ ಬಾಗಿಲಿಗೆ ಬಂದು, ಫೀಸು ಬೇಡ ಎಂದು ಕೇಸು ಹಿಡಿದ ಪುಣ್ಯಾತ್ಮ. “ಪರಶುನ್ನ ಮಾತಾಡಿಸಿ ಬಂದ್ರೇನ್ರಿ?” ಎಂದು ನಾನು ಕೇಳಿದ್ದಕ್ಕೆ, “ಕೇಸು ನೋಡೇನಿ ಅಕ್ಕ, ಆಸಾಮಿನ್ನ ಆಮ್ಯಾಲ ನೋಡ್ತೇನಿ,” ಎಂದು ನಕ್ಕಿದ್ದರು. ಗುರುತಿಲ್ಲದ ಮುಖವನ್ನು ನೆನಪಿಡುವುದರಲ್ಲಿ ಜನ ಎಷ್ಟು ತಪ್ಪುತ್ತಾರೆ ಎಂದು ಡಾಕ್ಟರ್ ಅಶ್ವಿನಿ ಒಂದು ಪತ್ರ ಬರೆದುಕೊಟ್ಟರೆ ಇನ್ಸ್‌ಪೆಕ್ಟರ್ ಎರಡು ಸಲ ಯೋಚಿಸುತ್ತಾರೆ ಎಂಬುದು ಅವರ ಲೆಕ್ಕ.

ಅಶ್ವಿನಿ ಬಾಯಾರು ಖುಷಿಯಿಂದ ಒಪ್ಪಿದ್ದರು. ಏಳು ವರ್ಷದ ಹಿಂದೆ ಬಂದರಿನ ಕೂಲಿಗಳ ಮೇಲೆ ಅವರು ನಡೆಸಿದ ಪರೀಕ್ಷೆಯಲ್ಲಿ, ಆಗ ಕೂಲಿಯಾಗಿದ್ದ ಠಾಕಪ್ಪನ ಹೆಸರೂ ಸಿಕ್ಕಾಗ ಇಬ್ಬರೂ ಚಪ್ಪಾಳೆ ತಟ್ಟಿದೆವು. ಅವನೇ ಎಷ್ಟು ತಪ್ಪುತ್ತಾನೆ ಎಂದು ಅಂಕಿಯಲ್ಲೇ ತೋರಿಸಬಹುದಲ್ಲ! ಪೆಟ್ಟಿಗೆ ಇಳಿಸಿ, ಧೂಳು ಕೊಡವಿ, ಅವನ ಹಾಳೆ ತೆಗೆದೆವು.

ಇನ್ನೂರ ನಲವತ್ತಕ್ಕೆ ಇನ್ನೂರ ನಲವತ್ತು.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅನ್ನುತ್ತಾರಲ್ಲ, ನಮ್ಮ ಕಾಲಿಗೆ ತೊಡರಿದ್ದು ಹಾವು.

“ನಂಬರ್ ಅರವತ್ತೊಂದು,” ಬಾಯಾರ ದನಿ ಸಣ್ಣಗಾಗಿತ್ತು. “ನನಗ ನಂಬರು ನೆನಪಿತ್ತು, ಹೆಸರು ಮರತಿತ್ತು. ಹದಿನೈದು ವರ್ಷದಾಗ ಇಂಥಾಂವ ಇನ್ನೊಬ್ಬ ಸಿಕ್ಕಿಲ್ಲ ಅಕ್ಕ. ಇಂವನ ಮ್ಯಾಲ ಒಂದು ಲೇಖನಾನ ಬರದೇನಿ. ಒಮ್ಮೆ ಕಂಡ ಮಾರಿ ಮರಿಯಾಂವಲ್ಲ. ಪತ್ರ ಬರದ್ರ ಇದನ್ನೂ ಬರೀಬೇಕು. ಠಾಕಪ್ಪ ನೋಡೇನಿ ಅಂದ್ರ ನೋಡ್ಯಾನ.”

ನಾನು ಸುಡು ಎಂದದ್ದು ಅದಕ್ಕೇ.

ಇವತ್ತೇ ಓದಲು ಕೂತವರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಜೈನಬ. ಝುವಾರಿನಗರದಲ್ಲಿ ಹೊಲಿಗೆ ಅಂಗಡಿ. ಸಾಂಕೋಲೆಯ ಕಾರ್ಖಾನೆ, ಗೋದಾಮುಗಳ ಕಾವಲುಗಾರರ ಯೂನಿಫಾರಂ ಹೊಲಿಯುವವಳು ನಾನೇ. ಪತ್ತೇದಾರಿಕೆ ಬಿಡುವಿನ ಕೆಲಸ, ಬಿಡುವೇ ಇಲ್ಲದಂತೆ ಮಾಡಿಟ್ಟಿರುವ ಕೆಲಸ. ಆ ಕೆಲಸಕ್ಕೆ ನನ್ನಲ್ಲಿ ಒಂದು ದೊಡ್ಡ ಊನವಿದೆ. ನನಗೆ ಮುಖ ನೆನಪಿರುವುದಿಲ್ಲ. ಯಾರದೂ. ಹುಟ್ಟಿದಾಗಿನಿಂದ ಹೀಗೇ. ನನ್ನ ಯಜಮಾನರು ಮುರ್ತುಜಾಸಾಬ ಒಂದು ಸಲ ಗಡ್ಡ ತೆಗೆಸಿಕೊಂಡು ಅಂಗಡಿಗೆ ಬಂದಾಗ, “ಬರ್ರಿ ಅಣ್ಣಾರ, ಪ್ಯಾಂಟೋ ಅಂಗಿನೋ?” ಎಂದು ಕೇಳಿಬಿಟ್ಟಿದ್ದೆ. ಎರಡು ದಿನ ಮಾತು ಬಿಟ್ಟಿದ್ದರು.

ನಾನು ಜನರನ್ನು ಗುರುತಿಸುವುದು ಭುಜದಿಂದ, ನಡಿಗೆಯಿಂದ, ಬೆನ್ನಿನ ಉದ್ದದಿಂದ. ವಕೀಲ ಅಜಯರಂಥವರು ಮಾತ್ರ ಕಷ್ಟ. ಆ ಕರಿ ಕೋಟಿನೊಳಗೆ ಭುಜ ಎಲ್ಲಿ ಮುಗಿಯುತ್ತದೆ, ಒಳಗೆ ತುಂಬಿದ ಹತ್ತಿ ಎಲ್ಲಿ ಶುರುವಾಗುತ್ತದೆ ತಿಳಿಯುವುದಿಲ್ಲ.

ಬಾಯಾರ ಒತ್ತಾಯಕ್ಕೆ ಕೂಲಿಗಳ ಜೊತೆ ಅದೇ ಪರೀಕ್ಷೆಯಲ್ಲಿ ನಾನೂ ಕೂತಿದ್ದೆ. ನನ್ನ ನಂಬರು ಏಳು. ಕಂಪ್ಯೂಟರಿನಲ್ಲಿ ಮೊದಲು ನೂರಿಪ್ಪತ್ತು ಅಪರಿಚಿತ ಮುಖ ತೋರಿಸುತ್ತಾರೆ. ಊಟವಾದ ಮೇಲೆ ಇನ್ನೂರ ನಲವತ್ತು ಮುಖ ಒಂದೊಂದಾಗಿ ಬರುತ್ತವೆ, ಪ್ರತಿಯೊಂದರ ಕೆಳಗೂ ಕ್ರಮಸಂಖ್ಯೆ. ಮುಂಜಾನೆ ಕಂಡದ್ದೋ ಹೊಸದೋ ಎಂದು ಗುಂಡಿ ಒತ್ತಬೇಕು. ನಾನು ಸರಿ ಹೇಳಿದ್ದು ನೂರ ಹದಿನೆಂಟು. ಕಣ್ಣು ಮುಚ್ಚಿ ಒತ್ತಿದ್ದರೂ ನೂರಿಪ್ಪತ್ತು ಸರಿಯಾಗುತ್ತಿತ್ತು ಎಂದು ಬಾಯಾರು ಅವತ್ತು ಬಿದ್ದು ಬಿದ್ದು ನಕ್ಕಿದ್ದರು.

“ನಂದೂ ಹಾಳಿ ತಗೀರಿ,” ಎಂದೆ.

“ಯಾಕ್ರಿ?”

“ಸುಡಾಕಂತೂ ಬಿಡವಲ್ರಿ. ನೋಡಾಕರ ಕೊಡ್ರಿ.”

ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಹೆಸರು, ತಾರೀಖು. ಠಾಕಪ್ಪನದರಲ್ಲಿ ಬಂದರಿನ ಪಾಸಿನ ನಂಬರು, ‘ಪಾಸಿನ ಫೋಟೊ ತಾಳೆ ನೋಡಿದೆ’ ಎಂದು ಬಾಯಾರ ಸಹಿ. ಆಮೇಲೆ ಇಪ್ಪತ್ತು ಸಾಲು ಅಂಕಿಗಳು, ಅದು ನನಗೆ ತಿಳಿಯದ ವಿದ್ಯೆ. ಮೇಲೆ ಮೂಲೆಯಲ್ಲಿ ಮಾತ್ರ ಒಂದು ಅಂಕಿ ಒಂಟಿಯಾಗಿ ಕೂತಿತ್ತು. ನನ್ನ ಹಾಳೆಯಲ್ಲಿ ಮೂವತ್ತೊಂದು, ಠಾಕಪ್ಪನದರಲ್ಲಿ ಮೂವತ್ತಮೂರು.

“ಇದೇನ್ರಿ?”

“ಗದ್ದ ಇಡೂ ಸ್ಟ್ಯಾಂಡಿನ ಎತ್ತರ. ಮೇಜಿನಿಂದ ಎಷ್ಟು ಸೆಂಟಿಮೀಟರ ಅಂತ. ಪರೀಕ್ಷಾದಾಗ ತಲಿ ಅಲಗಬಾರದಲ್ಲ, ಅದಕ್ಕ ಒಬ್ಬೊಬ್ಬರ ಗದ್ದಕ್ಕ ಸರಿಯಾಗಿ ಏರಿಸಿ ಇಳಿಸಿ ಕೂಡಿಸ್ತಿದ್ದೆ.”

“ಕುರ್ಚಿ?”

“ಎಲ್ಲಾರಿಗೂ ಒಂದ ಕುರ್ಚಿ, ಒಂದ ಮೇಜು.”

ನಾನು ಎದ್ದು ನಿಂತೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ದೇವರೇ ಬಲ್ಲ.

“ಬಾಯಾರ, ಠಾಕಪ್ಪ ಹೆಂಗದಾನ ನೆನಪೈತೇನ್ರಿ?”

“ಇನ್ನೂರು ಮಂದಿ ಕೂತಿದ್ರು, ಏಳು ವರ್ಷ ಆತು. ಮುಖದ ಬಗ್ಗೆ ಓದಿದಾಕಿಗೆ ಎಲ್ಲಾ ಮುಖ ನೆನಪಿರತಾವೇನ್ರಿ? ಅಡಗಿ ಪುಸ್ತಕ ಬರದಾಕಿ ಮನಿ ಸಾರು ಹೊತ್ತಿರೂದಿಲ್ಲೇನು?”

“ನನಗೂ ಅವನ ಮುಖ ನೆನಪಿಲ್ರಿ. ಅಂಗಿ ನೆನಪೈತಿ. ಹೋದ ವರ್ಷ ಯೂನಿಫಾರಂ ಹೊಲದೇನಿ. ಉದ್ದ ಮೂವತ್ನಾಲ್ಕು ಇಂಚು! ಕತ್ತರಿ ಹಿಡದಾಗಿಂದ ಅಂಥಾ ಬೆನ್ನು ನೋಡಿಲ್ಲ. ಆ ಮನಷ್ಯಾ ಕೂತ್ರೂ ನಿಂತಂಗ ಕಾಣ್ತಾನ. ನಾ ನೋಡಿದ್ರ ಇಷ್ಟುದ್ದ. ನಮ್ಮಿಬ್ಬರ ಗದ್ದದ ನಡುವ ಎರಡ ಸೆಂಟಿಮೀಟರ ಫರಕು ಅಂತೈತಿ ನಿಮ್ಮ ಹಾಳಿ. ಉಳದ ಗೇಣು ಎಲ್ಲಿ ಹೋತ್ರಿ?”

ಬಾಯಾರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ತೆಗೆದು ಒರೆಸಿದರು.

“ಅಂದ್ರ ಠಾಕಪ್ಪನ ಹೆಸರಿನ್ಯಾಗ ಬ್ಯಾರೆ ಯಾರೋ...”

“ಬದಲಿ,” ಎಂದೆ.

ಬಂದರಿನ ಕೂಲಿಗಳ ಗುಂಪಿನಲ್ಲಿ ಇದು ಹಳೆಯ ರೂಢಿ. ಒಬ್ಬನಿಗೆ ಜ್ವರ ಬಂದರೆ, ಊರಿಗೆ ಹೋಗುವುದಿದ್ದರೆ, ಅವನ ಪಾಸು ಹಿಡಿದು ಇನ್ನೊಬ್ಬ ಬದಲಿಯಾಗಿ ಬರುತ್ತಾನೆ. ತಲೆಗೆ ಹೆಲ್ಮೆಟ್ಟು, ಮೂಗಿನ ಮೇಲೆ ಧೂಳಿನ ಬಟ್ಟೆ. ಗುಂಪಿನ ಮೇಸ್ತ್ರಿ ಮುಕಾದಮ ಎಣಿಸುವುದು ಹೆಲ್ಮೆಟ್ಟುಗಳನ್ನು. ಪಟ್ಟಿಯಲ್ಲಿ ಹೆಸರಿದ್ದು ಬರದಿದ್ದರೆ ಗುಂಪಿನಿಂದಲೇ ಹೆಸರು ಹೋದೀತು ಎಂಬ ಭಯ. ಬಾಯಾರ ಪರೀಕ್ಷೆಗೂ ಹಾಗೇ ಬದಲಿ ಬಂದಿದ್ದಾನೆ. ಕೂತು ಗುಂಡಿ ಒತ್ತುವುದೂ ಅವರಿಗೆ ಒಂದು ದಿನದ ಕೆಲಸವೇ, ಯಾರು ಒತ್ತಿದರೇನು!

ಬಾಯಾರು ತಮ್ಮದೇ ಸಹಿಯ ಮೇಲೆ ಬೆರಳಿಟ್ಟು ಕೂತರು. “ಪಾಸಿನ ಫೋಟೊ ತಾಳಿ ನೋಡೇನಿ ಅಂತ ಬರದೇನಿ ನೋಡ್ರಿ. ಗೇಟಿನ್ಯಾಗ ಫೋಟೊ ನೋಡಿ ಮನಷ್ಯಾನ್ನ ಗುರುತು ಹಿಡಿಯೂದ್ರಾಗ ಎಷ್ಟು ಮಂದಿ ತಪ್ಪತಾರ ಅಂತ ಊರೂರು ತಿರಗಿ ಭಾಷಣ ಮಾಡಿದಾಕಿ ನಾನು!”

ಅವರು ಅಳುತ್ತಾರೇನೋ ಅಂದುಕೊಂಡೆ. ನಗಲು ಶುರು ಮಾಡಿದರು. ನನಗೂ ತಡೆಯಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿತ್ತಂತೆ. ಇಬ್ಬರೂ ಪೆಟ್ಟಿಗೆಗಳ ನಡುವೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ನನ್ನ ಲೇಖನ ಬಿದ್ದಹೋತು,” ಎಂದು ಅವರು ಕಣ್ಣೊರೆಸಿಕೊಂಡರು. “ಹೋಗ್ಲಿ. ತಪ್ಪಾತು ಅಂತ ಬರದು ಹಾಕ್ತೇನಿ. ಆ ಅರವತ್ತೊಂದು ಯಾರು ಅಂತ ಪತ್ತೆ ಮಾಡ್ರಿ ಅಕ್ಕ, ಅಂವ ಎಲ್ಲೇ ಇದ್ರೂ ನನಗ ಬೇಕು. ಪರಶುನ ಪತ್ರ ನಾ ಬರದಿಡ್ತೇನಿ.”

ನಾನು ಸ್ಕೂಟರ್ ಹತ್ತಿದಾಗ ಹನ್ನೆರಡೂವರೆ.

ಸಾಂಕೋಲೆಯ ಆ ಗೋದಾಮಿನ ಗೇಟಿನಲ್ಲಿ ಒಬ್ಬ ಕಾವಲುಗಾರ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದ. ಮೈಮೇಲೆ ನಾನೇ ಹೊಲಿದ ನೀಲಿ ಅಂಗಿ. ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತೆ.

“ಏ ಠಾಕಪ್ಪ, ಏಳು ಮ್ಯಾಲ! ಎಷ್ಟು ದಿನ ಮುಚ್ಚಿಡಾಂವ ಇದ್ದಿ?”

ಅವನು ಗಾಬರಿಯಿಂದ ಎದ್ದ. ಎದ್ದರೆ ನನ್ನ ಭುಜದಷ್ಟೇ ಎತ್ತರ.

“ನಾ ಮಾನಪ್ಪರಿ ಅಕ್ಕಾರ. ಠಾಕಪ್ಪ ಅಲ್ಲಿ ಗೇರು ಗಿಡದ ಕೆಳಗ ಊಟಕ್ಕ ಕೂತಾನ.”

ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹೊಲಿದವಳೂ ನಾನೇ. ಯಾರಿಗೆ ಬೈಯಲಿ?

ಗೇರು ಗಿಡದ ಬುಡದಲ್ಲಿ ಸಿಮೆಂಟಿನ ಕಟ್ಟೆ. ಅದರ ಮೇಲೆ ಮೂವತ್ನಾಲ್ಕು ಇಂಚಿನ ಬೆನ್ನು ಬಾಗಿ ಬುತ್ತಿ ಬಿಚ್ಚುತ್ತಿತ್ತು. ಈ ಸಲ ತಪ್ಪಿಲ್ಲ. ನಾನು ಸುಮ್ಮನೆ ಹೋಗಿ ಅವನ ಮಗ್ಗುಲಲ್ಲಿ ಕೂತೆ.

“ಬರ್ರಿ ಅಕ್ಕಾರ, ಊಟ ಮಾಡೂಣು ಬರ್ರಿ,” ಎಂದ ಠಾಕಪ್ಪ. ದನಿಯಲ್ಲಿ ಗೌರವವಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಿತ್ತು.

“ಬೆನ್ನು ನೆಟ್ಟಗ ಮಾಡಿ ಕೂಡು.”

ಕೊರಳಿನಲ್ಲಿದ್ದ ಟೇಪು ತೆಗೆದೆ. ಕಟ್ಟೆಯಿಂದ ಅವನ ಗದ್ದದವರೆಗೆ ಹಿಡಿದೆ. ಟೇಪಿನ ಅಗತ್ಯವೇ ಇರಲಿಲ್ಲ, ನನ್ನ ಹಣೆಯ ಎತ್ತರಕ್ಕೆ ಅವನ ಗದ್ದ ಬರುತ್ತಿತ್ತು.

“ಹೊಸಾ ಯೂನಿಫಾರಂ ಬಂತೇನ್ರಿ?” ಎಂದ, ಬಡಪಾಯಿ.

“ಇಲ್ಲ. ಹಳೇ ಪರೀಕ್ಷಾದ ಅಳತಿ. ಏಳು ವರ್ಷದ ಹಿಂದ ಡಾಕ್ಟರಬಾಯಿ ಕಂಪ್ಯೂಟರಿನ ಮುಂದ ಗದ್ದ ಇಟ್ಟು ಕೂತ ನಂಬರ್ ಅರವತ್ತೊಂದು ನೀ ಅಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಠಾಕಪ್ಪ ಗದ್ದ ಮುಟ್ಟಿ ನೋಡಿಕೊಂಡ.

“ಆವಾಗ ಸಿಂದಗ್ಯಾಗ ಮಗಳಿಗೆ ಹೆಸರಿಡೂದಿತ್ರಿ ಅಕ್ಕಾರ. ಮುಕಾದಮ ಪಟ್ಟಿಯಾಗ ನನ್ನ ಹೆಸರ ಹಚ್ಚಿಬಿಟ್ಟಿದ್ದ. ಬದಲಿ ಇಟ್ಟು ಹೋಗಿದ್ನಿ. ಅದೇನು ದೊಡ್ಡ ತಪ್ಪೇನ್ರಿ?”

“ಬದಲಿ ಯಾರು?”

ಅವನು ರೊಟ್ಟಿ ನೋಡಿದ. ಗಿಡ ನೋಡಿದ. ದೂರದಲ್ಲಿದ್ದ ಮಾನಪ್ಪನನ್ನು ನೋಡಿದ.

“ಹೇಳ್ತಿಯೋ, ಇಲ್ಲಾ ನಾ ಹೊಲದ ಪ್ಯಾಂಟಿನ ಹೊಲಿಗಿ ಇಲ್ಲೇ ಬಿಚ್ಚಲೋ?” ಎಂದು ಚೀಲದಿಂದ ಕತ್ತರಿ ಹೊರಗೆ ತೆಗೆದೆ.

“ಬ್ಯಾಡ್ರಿ ಅಕ್ಕಾರ! ಪರಶು ರೀ. ಪರಶುನ ಕೂತಿದ್ದ.”

ಯಾ ಅಲ್ಲಾ! ನನಗೆ ಕಟ್ಟೆಯ ಮೇಲೆ ನಿಂತು ಕುಣಿಯಬೇಕು ಅನ್ನಿಸಿತು. ಒಮ್ಮೆ ಕಂಡ ಮುಖ ಮರೆಯದವನು ನಮ್ಮ ಪರಶು! ದಿನಾ ನನ್ನ ನಲ್ಲಿಯಲ್ಲಿ ನೀರು ಹಿಡಿಯುವ, ಎದ್ದು ನಿಂತರೂ ನನಗಿಂತ ಎರಡೇ ಬೆರಳು ಎತ್ತರದ ಪರಶು! ಅದಕ್ಕಿಂತ ದೊಡ್ಡ ಖುಷಿ ಇನ್ನೊಂದಿತ್ತು. ಠಾಕಪ್ಪ ಪೊಲೀಸರಿಗೆ ಹೇಳಿದ್ದು ಗುರುತಿಲ್ಲದ ಮನುಷ್ಯ ಎಂದು. ತನ್ನ ಪಾಸನ್ನೇ ನಂಬಿ ಕೊಟ್ಟ ಗೆಳೆಯನ ಗುರುತಿಲ್ಲವೇ? ಅವನ ಹೇಳಿಕೆಯೇ ಸುಳ್ಳು. ಸುಳ್ಳು ಹೇಳಿಕೆಯ ಮೇಲೆ ಯಾವ ಸಾಲು, ಯಾವ ಜೈಲು?

ಅಲ್ಲಿಂದಲೇ ವಕೀಲ ಅಜಯರಿಗೆ ಫೋನ್ ಹಚ್ಚಿದೆ. ಅವರು ಆಗಲೇ ಠಾಣೆಯ ಅಂಗಳದಲ್ಲಿದ್ದರು.

“ಶಾಬ್ಬಾಸ್ ಜೈನಬಕ್ಕ!” ಎಂದು ಕೂಗಿದರು. “ಇಷ್ಟ ಬೇಕಾಗಿತ್ತು ನೋಡ್ರಿ. ಇನ್ಸ್‌ಪೆಕ್ಟರಗ ಫೋನ್ ಕೊಡ್ತೇನಿ, ಠಾಕಪ್ಪನ ಬಾಯಿಂದನ ಹೇಳಸ್ರಿ.”

ಠಾಕಪ್ಪ ತಲೆ ಅಲ್ಲಾಡಿಸಿದ, ಕೈ ಮುಗಿದ, “ಬ್ಯಾಡ್ರಿ ಅಕ್ಕಾರ, ಇನ್ನೊಂದು ಮಾತೈತ್ರಿ,” ಎಂದ. ಇನ್ನೊಂದು ಮಾತು ಕೇಳುವ ಪುರುಸೊತ್ತು ನನಗೆಲ್ಲಿ? ಕತ್ತರಿ ತೋರಿಸಿದೆ. ಅವನು ತನ್ನ ಮುರುಕು ಹಿಂದಿಯಲ್ಲಿ, ಪರಶು ಏಳು ವರ್ಷದ ಗೆಳೆಯ, ಕಳುವು ಮಾಡಿದ್ದನ್ನು ನಾನು ಕಂಡಿಲ್ಲ ಎಂದು ಒಪ್ಪಿಕೊಂಡ. ಆ ಕಡೆಯಿಂದ ಇನ್ಸ್‌ಪೆಕ್ಟರ್ ಕೊಂಕಣಿಯಲ್ಲಿ ಬೈದದ್ದು ನನ್ನ ಕಿವಿಗೂ ಬಿತ್ತು. ಮತ್ತೆ ವಕೀಲರ ದನಿ ಬಂತು.

“ಬ್ಯಾರೆ ಸಾಕ್ಷಿ ಇವರ ಕಡೆ ಇಲ್ಲ ಅಕ್ಕ. ಇನ್ನು ಕೂಡಿಸಿಕೊಳ್ಳಾಕ ಬರೂದಿಲ್ಲ, ಈಗ ಬಿಡ್ತಾರ. ನೀವು ಚಿಂತಿ ಬಿಡ್ರಿ, ನಾನ ಮನೀತನಕ ಮುಟ್ಟಸ್ತೇನಿ.”

ಎಂಥ ಮನುಷ್ಯ! ನಾನು ಠಾಕಪ್ಪನ ಬುತ್ತಿಯಿಂದ ಒಂದು ರೊಟ್ಟಿ ಎತ್ತಿಕೊಂಡು, ಶೇಂಗಾ ಚಟ್ನಿ ಹಚ್ಚಿ, ಕಾಲು ಚಾಚಿ ಕೂತು ತಿಂದೆ. ಮೂರು ದಿನದಿಂದ ಊಟ ರುಚಿಸಿರಲಿಲ್ಲ. ಮುಖ ಗುರುತಿಸಲು ಬಾರದ ಹೆಂಗಸು ಇನ್ಸ್‌ಪೆಕ್ಟರನ ಕೇಸು ಮುರಿದಳು ಎಂದು ಮುರ್ತುಜಾಸಾಬರಿಗೆ ಸಂಜೆ ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅರ್ಧ ರೊಟ್ಟಿ ಮುಗಿದಾಗ ಠಾಕಪ್ಪನ ಕಡೆ ತಿರುಗಿದೆ. “ಈಗ ಹೇಳು. ಗೆಳ್ಯಾನ್ನ ಯಾಕ ಹಿಡಿಸಿಕೊಟ್ಟಿ? ಯಾರು ಹೇಳಿಕೊಟ್ರು?”

ಅಷ್ಟುದ್ದದ ಮನುಷ್ಯ ಮುಖ ಮುಚ್ಚಿಕೊಂಡು ಅಳುತ್ತಿದ್ದ.

“ಪರಶುನ ಹೇಳಿದ್ರಿ. ‘ನನ್ನ ಫೋಟೊದ ಮ್ಯಾಲ ಬೆರಳಿಡು’ ಅಂತ ಅಂವನ ಹೇಳಿದ.”

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ.

“ಏನಂತೀಯೋ?”

“ಶುಕ್ರವಾರ ಅಂವ ಇಲ್ಲೇ ಇದ್ದ ಅಕ್ಕಾರ. ಇದ ಕಟ್ಟಿ ಮ್ಯಾಲ. ಬುತ್ತಿ ತಂದಿದ್ದ, ಕೂಡಿ ಉಣ್ಣೂಣು ಅಂತ. ಹೊರಗಿನವರನ್ನ ಒಳಗ ಬಿಟ್ರ ನನ್ನ ಕೆಲಸಾ ಹೋಕ್ಕೈತಿ, ಅದಕ್ಕ ಯಾರಿಗೂ ಹೇಳಿಲ್ರಿ. ನಾ ನೀರ ತರಾಕ ಹೋಗಿದ್ದೆ. ಅಷ್ಟೊತ್ತಿಗೆ ಲಾರಿ ಬಂದೈತಿ. ಎಲ್ಲಾರೂ ಹೆಲ್ಮೆಟ್ಟು, ಮಾರಿಗೆ ಬಟ್ಟಿ. ಪಂಖಾ ಏರಿಸಿದ ಮ್ಯಾಲ ಅವರ ಪೈಕಿ ಯಜಮಾನನಂಗ ಇದ್ದಾಂವ ನೀರ ಕುಡ್ಯಾಕ ಬಟ್ಟಿ ಕೆಳಗ ಇಳಿಸ್ಯಾನ. ಪರಶು ಅವನ್ನ ನೋಡ್ಯಾನ. ಅಂವಾ ಪರಶುನ್ನ ನೋಡ್ಯಾನ.”

“ಆಮ್ಯಾಲ?”

“ಅಂವ ನಕ್ಕು, ಕೊರಳಿನ ಮ್ಯಾಲ ಹಿಂಗ ಬೆರಳಾಡಿಸಿ ಹೋದನಂತ್ರಿ.” ಠಾಕಪ್ಪ ತನ್ನ ಕೊರಳಿನ ಮೇಲೆ ಅಡ್ಡ ಗೆರೆ ಎಳೆದು ತೋರಿಸಿದ. “ನಾ ಬರೂದ್ರಾಗ ಪರಶು ಗಡಗಡ ನಡಗಾಕತ್ತಿದ್ದ. ‘ಇಂವನ್ನ ನಾ ಬಲ್ಲೆ, ಹೆಸರ ಗೊತ್ತಿಲ್ಲ. ಬಾಯಾರ ಕಂಪ್ಯೂಟರಿನ್ಯಾಗ ನೂರಾ ಮೂವತ್ತೇಳನೇ ಮಾರಿ ಇದು’ ಅಂದ. ಏಳು ವರ್ಷದ ಹಿಂದಿಂದು ಅಕ್ಕಾರ! ನಂಬರ ಸಮೇತ ಹೇಳಿದ. ‘ಹೊರಗ ಇದ್ರ ನನ್ನ ಉಳಸೂದಿಲ್ಲ. ಪೊಲೀಸರ ಬಾಗಲಾ ಇದ್ದಲ್ಲಿ ಇರ್ತೇನಿ. ಅಷ್ಟ್ರಾಗ ನೀ ಬಾಯಾರ ಕಡೆ ಹೋಗಿ ಆ ಮಾರಿ ಯಾರದು ಅಂತ ಕೇಳು. ಆಮ್ಯಾಲ ಸಾಲಿನ್ಯಾಗ ನಿಲ್ಲಿಸಿದಾಗ ಇಂವಲ್ಲ ಅಂದು ಬಿಡಿಸು’ ಅಂದ.”

“ಪೊಲೀಸರಿಗೆ ಖರೇ ಹೇಳಾಕ ಏನಾಗಿತ್ತೋ?”

“ಏನಂತ ಹೇಳ್ತಾನ್ರಿ? ಕಂಪ್ಯೂಟರಿನ್ಯಾಗ ಕಂಡಿದ್ದೆ ಅಂದ್ರ ಕೂಲಿ ಮನಷ್ಯಾನ್ನ ಯಾರು ನಂಬತಾರ್ರಿ?”

“ಹೋಗ್ಲಿ, ಬಾಯಾರ ಕಡೆ ಹೋಗಿದ್ಯಾ?”

ಅವನು ತಲೆ ತಗ್ಗಿಸಿದ. “ಹೋಗಲಿಲ್ರಿ. ಎರಡ ಸಲ ಅವರ ಗೇಟಿನತನಕ ಹೋಗಿ ಬಂದೆ. ‘ಅರವತ್ತೊಂದು ನೀ ಅಲ್ಲ, ಬದಲಿ ಇಟ್ಟಿದ್ದಿ’ ಅಂತ ಹಿಡದ್ರ ಅಂತ ಹೆದರಿಕಿ ಆತ್ರಿ.”

ಏಳು ವರ್ಷದ ಹಿಂದಿನ ಬದಲಿಗೆ ಇವತ್ತು ಹೆದರಿದ ಪುಣ್ಯಾತ್ಮ! ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಅದಕ್ಕಿಂತ ಮೊದಲು ನನ್ನನ್ನು ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಇನ್ನೊಂದು ಮಾತಿದೆ ಎಂದು ಅವನು ಕೈ ಮುಗಿದಾಗ ಕತ್ತರಿ ತೋರಿಸಿದವಳು ನಾನು. ಪರಶು ಬೇಡಿ ಪಡೆದ ಬಾಗಿಲನ್ನು ನಾನೇ ಒದ್ದು ತೆರೆಸಿದ್ದೆ.

ಬಾಯಾರಿಗೆ ಫೋನ್ ಮಾಡಿದೆ. ಅವಸರದಲ್ಲಿ ಎರಡು ಸಲ ಯಾರಿಗೋ ಹೋಯಿತು.

“ಅರವತ್ತೊಂದು ಸಿಕ್ಕಾನ್ರಿ. ನಮ್ಮ ಪರಶು,” ಎಂದೆ.

“ಅಯ್ಯ ಶಿವನ!” ಬಾಯಾರು ಆ ಕಡೆ ಕುರ್ಚಿಯಿಂದ ಎದ್ದ ಸದ್ದು ಕೇಳಿತು. “ಖರೇನ ಅಕ್ಕ? ಅಂವನ್ನ ಬಿಡಿಸಿದ ಮ್ಯಾಲ ಮೊದಲ ನನ್ನ ಕಡೆ ಕರಕೊಂಡು ಬರ್ರಿ!”

“ಅದೆಲ್ಲಾ ಆಮ್ಯಾಲ. ಇನ್ನೂರ ನಲವತ್ತು ಮುಖದಾಗ ನೂರ ಮೂವತ್ತೇಳನೇದು ಯಾರದ್ರಿ?”

“ಅದನ್ನ ಹೇಳಾಕ ಬರೂದಿಲ್ಲ. ಫೋಟೊ ಕೊಟ್ಟವರ ಹೆಸರು ಯಾರಿಗೂ ತಿಳಸೂದಿಲ್ಲ ಅಂತ ಬರದುಕೊಟ್ಟೇನಿ.”

“ಬಾಯಾರ, ಪಂಖಾ ಕದ್ದಾಂವ ಅಂವ. ಪರಶು ನೋಡ್ಯಾನ. ಪರಶುನ್ನ ಈಗ ಬಿಡಾಕತ್ತಾರ, ಅಂವ ಹೊರಗ ಕಾಯಾಕತ್ತಾನೋ ಏನೋ! ನಿಮ್ಮ ಕಾಲಿಗೆ ಬೀಳ್ತೇನಿ.”

ಆ ಕಡೆ ಕೀಲಿ ತಿರುಗಿದ ಸದ್ದು, ಕಪಾಟು ತೆಗೆದ ಸದ್ದು. ಹಾಳೆ ಮಗುಚುತ್ತ ಅವರು ತಮ್ಮಷ್ಟಕ್ಕೆ ಅಂಕಿ ಹೇಳಿಕೊಳ್ಳುತ್ತಿದ್ದರು. ಠಾಕಪ್ಪ ಅಳು ನಿಲ್ಲಿಸಿ ನನ್ನ ಫೋನಿಗೆ ಕಿವಿ ಹಚ್ಚಿದ.

“ನೂರ ಮೂವತ್ತೇಳು. ಹಾಂ, ಸಿಕ್ತು. ಆವಾಗ ಕಾನೂನು ಓದತಿದ್ದ ಹುಡುಗ. ಫೋಟೊ ಕೊಡಾಕ ತಾನ ಬಂದಿದ್ದ. ಈಗ ವಾಸ್ಕೋದಾಗ ವಕೀಲಕಿ ಮಾಡ್ತಿರಬೇಕು.” ಬಾಯಾರು ಉಸಿರು ಎಳೆದುಕೊಂಡರು. “ಅಜಯ ಅಂತ. ಅಕ್ಕ, ನಿಮ್ಮ ವಕೀಲರ ಹೆಸರು ಏನಂದಿದ್ರಿ?”

ಮೂರು ದಿನ ಆ ಮನುಷ್ಯನ ಎದುರು ಕೂತು ಚಹಾ ಕುಡಿದಿದ್ದೆ. ಅವನು ಕೇಳಿದ್ದನ್ನೆಲ್ಲ ಹೇಳಿದ್ದೆ.

ವಕೀಲನ ನಂಬರು ಒತ್ತಿದೆ. ಫೋನ್ ಬಂದ್ ಆಗಿತ್ತು. ಠಾಣೆಯ ನಂಬರಿಗಾಗಿ ಚೀಲ ತಡಕುತ್ತಿರುವಾಗ ನನ್ನ ಫೋನೇ ರಿಂಗಾಯಿತು.

“ಅಕ್ಕಾ!” ಹುಲಿಗೆವ್ವ. ಬಸ್ಸಿನ ಗದ್ದಲದ ನಡುವೆಯೂ ಅವಳ ನಗು ಕೇಳುತ್ತಿತ್ತು. “ಬಿಟ್ರಕ್ಕಾ, ಬಿಟ್ರು! ನಿಮ್ಮ ಹೊಟ್ಟಿ ತಣ್ಣಗಿರಲಿ!”

“ಪರಶು ಎಲ್ಲದಾನ? ಫೋನ್ ಕೊಡು ಅವನ ಕೈಯಾಗ.”

“ಅಂವ ನನ್ನ ಕೂಡ ಎಲ್ಲಿ ಅದಾನ್ರಿ? ವಕೀಲರು ತಮ್ಮ ಕಾರಿನ್ಯಾಗ ಕೂಡಿಸ್ಕೊಂಡು ಮುಂದ ಹೋದ್ರು. ಹಿಂದಿನ ಸೀಟಿನ ತುಂಬಾ ಕಾಗದ ಅದಾವಂತ, ನನಗ ಬಸ್ಸಿಗೆ ಬಾ ಅಂದ್ರು. ಇಂವ ನೋಡ್ರಿ, ಹುಚ್ಚನಂಗ ಅವರ ಮಾರೀನ ನೋಡ್ಕೋತ ಗಪ್ ನಿಂತುಬಿಟ್ಟ. ಕಾರು ಹತ್ತವಲ್ಲ ಅಂತಾನ! ದೇವರಂಥಾ ಮನಷ್ಯಾ, ಹತ್ತು ಅಂತ ನಾನ ದೂಡಿ ಕೂಡಿಸಿ, ಬಾಗಲಾ ಹಾಕಿ ಬಂದೆ.”

“ಹುಲಿಗೆವ್ವ...”

“ಕೇಳ್ರಿಲ್ಲೆ. ಹಾದ್ಯಾಗ ಇಳದು ಕಡ್ಲಿಬ್ಯಾಳಿ, ಬೆಲ್ಲಾ ತಗೋತೇನಿ. ವಕೀಲರಿಗೂ ಊಟಕ್ಕ ಹೇಳೇನಿ. ಹೋಳಿಗಿ ಎಷ್ಟ ಮಾಡ್ಲಿ ಅಕ್ಕಾ?”